ಒರಗಿದ್ದಾರೆ

ಊರೊಂದಿತ್ತು. ಯಾವ ಕಡೆಗೆ, ಎಷ್ಟು ದೂರ ಎಂದು ಕೇಳಬೇಡಿ. ಹೋಗಿಬಂದವರು ಯಾರೂ ದಾರಿ ಅಳೆದಿಲ್ಲ. ಆ ಊರಿನಲ್ಲಿ ಸೂರ್ಯ ಹುಟ್ಟಿದ ಮಾತ್ರಕ್ಕೆ ಬೆಳಗಾಗುತ್ತಿರಲಿಲ್ಲ. ಯಾರೂ ತಮ್ಮಷ್ಟಕ್ಕೆ ಒಲೆ ಹಚ್ಚುವಂತಿರಲಿಲ್ಲ, ಅಂಗಳ ಗುಡಿಸುವಂತಿರಲಿಲ್ಲ, ಎತ್ತಿನ ಕೊರಳಿಗೆ ನೊಗ ಇಡುವಂತಿರಲಿಲ್ಲ. ಮೊದಲು ನೆಲವನ್ನು ಕೇಳಬೇಕು. ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಕರೆಯುವ ಹಾಗೆ “ಇದ್ದೀರಾ?” ಎಂದು ಕೇಳಬೇಕು. ಇದ್ದೇವೆ ಎಂದು ಕೆಳಗಿನಿಂದ ಉತ್ತರ ಬಂದ ಮೇಲೆಯೇ ಊರಿಗೆ ಬೆಳಗು.

ನೆಲಕ್ಕೆ ಬಾಯಿಲ್ಲವಲ್ಲ, ಅದು ವಾಸನೆಯಲ್ಲಿ ಮಾತಾಡುತ್ತಿತ್ತು. ನೀರು ಚಿಮುಕಿಸಿದ ಮಣ್ಣಿನಿಂದ ಏಳುವ ಆ ಘಮ ಮಣ್ಣಿನದಲ್ಲ, ಮಣ್ಣಿನೊಳಗೆ ಇರುವವರದು ಎಂದು ಊರಿನವರಿಗೆ ಗೊತ್ತಿತ್ತು. ಅವರನ್ನು ಕೆಳಗಿನವರು ಎಂದು ಕರೆಯುತ್ತಿದ್ದರು. ಕಂಡವರು ಯಾರೂ ಇಲ್ಲ. ಒಂದು ಸಾಸಿವೆ ಕಾಳನ್ನು ಸಾವಿರ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಕೊಟ್ಟರೆ ಅದರ ಮೇಲೆ ಒಂದು ಸಂಸಾರವೇ ಕಾಲು ಚಾಚಿ ಕೂರಬಹುದು, ಅಷ್ಟು ಸಣ್ಣವರು. ಆದರೆ ಮಾಡುವ ಕೆಲಸ ಸಣ್ಣದಲ್ಲ. ಉದುರಿದ ಎಲೆಯನ್ನು ಎಳೆ ಎಳೆಯಾಗಿ ಬಿಡಿಸಿ, ಗಿಡ ಮತ್ತೆ ಉಣ್ಣುವಂತೆ ಬೇಯಿಸಿ ಇಡುವವರು ಅವರು. ಬೇರಿನ ಬಾಯಿಗೆ ನೀರು ಮುಟ್ಟಿಸಲು ನೂಲು ಎಳೆಯುವವರು ಅವರು. ಮಣ್ಣು ಹುಡಿಯಾಗಿ ಹಾರಿಹೋಗದಂತೆ ಕಣಕ್ಕೆ ಕಣ ಅಂಟಿಸಿ ಹಿಡಿದವರೂ ಅವರೇ. ಮರಗಳೇನು ಪುಕ್ಕಟೆ ಉಣ್ಣುವ ಜಾತಿಯಲ್ಲ. ಎಲೆಯಲ್ಲಿ ಕಟ್ಟಿದ ಸಿಹಿಯಲ್ಲಿ ಒಂದಿಷ್ಟನ್ನು ಬೇರಿನ ತುದಿಯಿಂದ ಅವರಿಗೆ ಬಿಡುತ್ತಿದ್ದವು. ಊರಿನ ಅಡುಗೆಮನೆ ಇರುವುದು ಕೆಳಗೆ, ಮೇಲಿರುವುದು ಬರೀ ಬಡಿಸುವ ಜಾಗ ಎಂದು ಅಲ್ಲಿಯವರ ತಿಳಿವಳಿಕೆ.

ಇಂಥ ಉತ್ತರವನ್ನು ಎಲ್ಲರ ಮೂಗಿಗೂ ಬಿಟ್ಟರೆ ಹತ್ತು ಮೂಗು ಹನ್ನೊಂದು ಮಾತಾಡಬಹುದು ಎಂಬ ಅಂಜಿಕೆ. ಆದ್ದರಿಂದ ಊರಿಗೆಲ್ಲ ಸೇರಿ ಒಂದೇ ಮೂಗು. ಆ ಮೂಗಿನ ಒಡತಿಯೇ ಮೂಸುವಾಕೆ.

ಮೂಸುವಾಕೆಗೆ ಅರವತ್ತರ ಹತ್ತಿರ ವಯಸ್ಸು. ಗಂಡನಿಲ್ಲ, ಮಕ್ಕಳಿಲ್ಲ, ಅದಕ್ಕಾಗಿ ಅತ್ತವಳೂ ಅಲ್ಲ. ದಿನಾ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಮಂಡಿಯೂರಿ, ಬೆರಳಿನಿಂದ ನೆಲ ಕೆದಕಿ, ಒಂದು ಚಿಟಿಕೆ ಮಣ್ಣನ್ನು ಅಂಗೈಗೆ ಹಾಕಿ, ಒಂದು ಹನಿ ನೀರು ಬಿಟ್ಟು, “ಇದ್ದೀರಾ?” ಎಂದು ಕೇಳಿ ಮೂಗಿಗೆ ಹಿಡಿಯುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದಳು. ಆಮೇಲೆ “ಇದ್ದಾರೆ” ಅನ್ನುತ್ತಿದ್ದಳು. ಸುತ್ತ ನಿಂತವರು ಇದ್ದಾರೆ ಅನ್ನುವರು, ಬೀದಿಯವರು ಇದ್ದಾರೆ ಅನ್ನುವರು, ಆಚೆ ಕೇರಿಯವರು ಇದ್ದಾರೆ ಅನ್ನುವರು, ಮಾತು ಮನೆಯಿಂದ ಮನೆಗೆ ಹೋದ ಹಾಗೆ ಒಲೆಯಿಂದ ಒಲೆಗೆ ಹೊಗೆ ಏಳುವುದು. ನಲವತ್ತು ವರ್ಷ ಹೀಗೇ ನಡೆದಿತ್ತು. ಅವಳು ಹೇಳುವುದು ದಿನಕ್ಕೆ ಒಂದೇ ಮಾತು. ಅದನ್ನು ಬಿಡಿಸಿ ಹೇಳುವ ಪದ್ಧತಿ ಇರಲಿಲ್ಲ, ಬಿಡಿಸಿ ಕೇಳುವ ಪದ್ಧತಿಯೂ ಇರಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ಮೂಗು ಹೋದ ಮೂಸುವಾಕೆ ಆ ದಿನವೇ ಊರ ಗಡಿ ದಾಟಬೇಕು. ಯಾರೂ ತಳ್ಳುವುದಿಲ್ಲ, ಯಾರೂ ತಡೆಯುವುದೂ ಇಲ್ಲ. ಇವಳಿಗಿಂತ ಮುಂಚೆ ಇವಳ ಸೋದರತ್ತೆ ಮೂಸುವಾಕೆಯಾಗಿದ್ದಳು. ಒಂದು ಬೆಳಿಗ್ಗೆ ಅಂಗೈಯನ್ನು ಮೂಗಿಗೆ ಹಿಡಿದು, ಹಿಡಿದೇ ಇದ್ದು, “ನಂದು ಮುಗೀತು ಕಣೇ” ಎಂದು ಎದ್ದು ಹೊರಟಳು. ಅತ್ತೆ ಎಲ್ಲಿಗೆ ಹೋದಳು, ಏನಾದಳು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಕೇಳದೇ ಇದ್ದವರಲ್ಲಿ ಇವಳೂ ಒಬ್ಬಳು, ಅದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಆ ವರ್ಷ ಬಿಸಿಗಾಳಿ ಬಂತು. ನೆಂಟರ ಹಾಗೆ ಬಂತು, ಕೂತಿತು, ಹೊರಡುವ ಮಾತೇ ಎತ್ತಲಿಲ್ಲ. ಬಾವಿಯ ಹಗ್ಗಕ್ಕೆ ದಿನಾ ಒಂದು ಮೊಳ ಸೇರಿಸಬೇಕಾಯಿತು. ನೆಲ ಮಧ್ಯಾಹ್ನಕ್ಕೆ ಕಾದ ಹಂಚು. ಆದರೂ ಮೂಸುವಾಕೆ ದಿನಾ ಇದ್ದಾರೆ ಅನ್ನುತ್ತಿದ್ದಳು, ಊರು ದಿನಾ ಒಲೆ ಹಚ್ಚುತ್ತಿತ್ತು.

ಒಂದು ದಿನ ಅವಳು ಕುಂಬಾರಗಿತ್ತಿಯ ಮನೆಯಲ್ಲಿ ಕೂತಿದ್ದಳು. ಒಳಗೆ ಇಂಗಿನ ಒಗ್ಗರಣೆ ಚಟಪಟ ಅಂದಿತು. ಸದ್ದು ಬಂತು. ವಾಸನೆ ಬರಲಿಲ್ಲ. ಅವಳು ಎದ್ದು ಒಲೆಯ ಹತ್ತಿರ ಹೋಗಿ ಬಗ್ಗಿದಳು. ಬಿಸಿ ಮುಖಕ್ಕೆ ಬಡಿಯಿತು, ಇಂಗು ಮೂಗಿಗೆ ಬರಲಿಲ್ಲ. ಕುಂಬಾರಗಿತ್ತಿ, “ಏನಕ್ಕಾ, ಹಸಿವಾ?” ಎಂದು ನಕ್ಕಳು. ಇವಳೂ ನಕ್ಕಳು, ಬೇರೇನು ಮಾಡುತ್ತಾಳೆ.

ಮನೆಗೆ ಬಂದು ಬೆಳ್ಳುಳ್ಳಿ ಜಜ್ಜಿ ನೋಡಿದಳು, ಹುಳಿಮಜ್ಜಿಗೆ ಮೂಸಿದಳು, ಏನೂ ಇಲ್ಲ. ಹಾಗಾದರೆ ಇದು ಎಂದಿನಿಂದ? ನೆನಪು ಮಾಡಿಕೊಂಡಳು. ಹಲವು ದಿನಗಳಿಂದ ಮಣ್ಣಿನ ಘಮ ತೆಳುವಾಗುತ್ತ ಬಂದಿತ್ತು, ಅವಳು ಗಾಳಿಯ ಮೇಲೆ ತಪ್ಪು ಹಾಕಿದ್ದಳು. ಎಷ್ಟು ದಿನ ಮೂಗಿನಿಂದ ಇದ್ದಾರೆ ಅಂದೆ, ಎಷ್ಟು ದಿನ ಬರೀ ರೂಢಿಯಿಂದ ಅಂದೆ ಎಂದು ಅವಳಿಗೇ ತಿಳಿಯಲಿಲ್ಲ. ಮೊದಲು ತನ್ನ ಮೂಗು ಹೋಯಿತೋ, ಮೊದಲು ಕೆಳಗಿನವರು ಹೋದರೋ? ಅಥವಾ ಕೆಳಗಿನವರು ಇದ್ದೂ ತನಗೆ ಮಾತ್ರ ಕೇಳಿಸುತ್ತಿಲ್ಲವೋ? ಮರುದಿನವೂ ಹೊಂಗೆ ಮರದ ಕೆಳಗೆ ಮಂಡಿಯೂರಿ ಇದ್ದಾರೆ ಅಂದಳು. ಅದರ ಮರುದಿನವೂ ಅಂದಳು. ನನಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಗಡಿಯಾಚೆ ಒಂದೂ ಮನೆಯ ಪರಿಚಯವಿಲ್ಲದ ಹೆಂಗಸು, ಇನ್ನೇನು ಹೇಳಿಯಾಳು.

ಆದರೆ ಎಲೆಗಳಿಗೆ ಸುಳ್ಳು ಗೊತ್ತಿರಲಿಲ್ಲ. ಉದುರಿದ ಎಲೆ ಉದುರಿದ ಹಾಗೇ ಬಿದ್ದಿರತೊಡಗಿತು. ಕೊಳೆಯಲಿಲ್ಲ, ಕರಗಲಿಲ್ಲ. ಗದ್ದೆಗೆ ಹಾಕಿದ ಸೆಗಣಿ ಬಿಲ್ಲೆಯಾಗಿ ಕೂತಿತು. ಬೇಲಿಯ ಬುಡದಲ್ಲಿ ಸತ್ತುಬಿದ್ದ ಗುಬ್ಬಿ ವಾರ ಕಳೆದರೂ ಗುಬ್ಬಿಯಾಗಿಯೇ ಇತ್ತು. ಊರಿನ ಹೆಂಗಸರು ಅದನ್ನು ಕಂಡು ಬಾಯಿಗೆ ಸೆರಗು ಹಿಡಿದರು.

ಮರುದಿನ ಹೊಂಗೆ ಮರದ ಕೆಳಗೆ ಇಡೀ ಊರು ನೆರೆಯಿತು. ಊರಿನ ಹಿರೀಕ ಕೋಲೂರಿ ಮುಂದೆ ಬಂದ.

“ಎಲೆ ಬಿದ್ದ ಹಾಗೇ ಬಿದ್ದಿದೆ, ತಾಯಿ. ಇವತ್ತು ಸರಿಯಾಗಿ ನೋಡಿ ಹೇಳು. ಇದ್ದಾರಾ?”

ಮೂಸುವಾಕೆ ಮಣ್ಣು ತೆಗೆದಳು, ನೀರು ಬಿಟ್ಟಳು, ಕೇಳಿದಳು, ಮೂಗಿಗೆ ಹಿಡಿದಳು. ಏನೂ ಇಲ್ಲ. ಇದ್ದಾರೆ ಅನ್ನಲು ಈಗ ಎಲೆಗಳೇ ಬಿಡವು. ಇಲ್ಲ ಅನ್ನಲು ಅವಳಿಗೆ ಖಚಿತವಾಗಿ ಗೊತ್ತಿಲ್ಲ. ನನ್ನ ಮೂಗು ಹೋಗಿದೆ ಅಂದರೆ ಸಂಜೆಯೊಳಗೆ ಗಡಿ. ಕಣ್ಣು ಮುಚ್ಚಿಕೊಂಡೇ ಅವಳು ಒಂದು ಮಾತು ಹುಡುಕಿದಳು. ಬಾಯಿ ತಪ್ಪಿ ಬಂದದ್ದಲ್ಲ, ಹುಡುಕಿ ತೆಗೆದದ್ದು.

“ಒರಗಿದ್ದಾರೆ” ಅಂದಳು.

ಒರಗುವುದು ಅಂದರೆ ಏನೆಂದು ನಿಮಗೆ ಗೊತ್ತು. ಉಂಡ ಮೇಲೆ ಗೋಡೆಗೆ ಬೆನ್ನು ಕೊಟ್ಟು ಒಂದು ಗಳಿಗೆ ಒರಗುತ್ತೇವೆ. ದಣಿದವರು ಒರಗುತ್ತಾರೆ, ಬಸುರಿಯರು ಒರಗುತ್ತಾರೆ. ಅವಳ ಮನಸ್ಸಿನಲ್ಲಿ ಇದ್ದದ್ದು ಅದೇ, ಅಥವಾ ಅದೇ ಇರಲಿ ಎಂದು ಅವಳು ಬಯಸಿದಳು. ಆದರೆ ಆ ಊರಿನಲ್ಲಿ ದೊಡ್ಡವರು ತೀರಿಕೊಂಡರೆ ಸತ್ತರು ಎನ್ನುವುದಿಲ್ಲ, ಅದು ಒರಟು ಮಾತು. ಗೌರವ ಇದ್ದವರ ವಿಷಯದಲ್ಲಿ ಒರಗಿದರು ಎನ್ನುವರು. ಕೆಳಗಿನವರಿಗಿಂತ ಗೌರವದವರು ಊರಿಗೆ ಯಾರಿದ್ದಾರೆ? ಹಿರೀಕ ತಲೆಯ ರುಮಾಲು ತೆಗೆದ. ಹಿಂದೆ ನಿಂತವರು ಒರಗಿದ್ದಾರೆ ಅಂದರು, ಬೀದಿಯವರು ಒರಗಿದ್ದಾರೆ ಅಂದರು, ಆಚೆ ಕೇರಿಯವರು ಒರಗಿದ್ದಾರೆ ಅಂದರು. ಒಂದು ಮನೆಯಲ್ಲೂ ಹೊಗೆ ಏಳಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಹೆಂಗಸರು ಗೋಳಿಡುತ್ತಿದ್ದರು.

ಮೂಸುವಾಕೆ ತಿದ್ದಿ ಹೇಳುವಂತಿರಲಿಲ್ಲ. ದಿನಕ್ಕೆ ಒಂದೇ ಮಾತು, ಆ ಮಾತು ಆಗಿಹೋಗಿತ್ತು.

ಆ ಊರಿನಲ್ಲಿ ಒರಗಿದವರಿಗೆ ಮೂರನೆಯ ದಿನ ಉಪ್ಪು ಹಾಕುತ್ತಾರೆ. ಗುಂಡಿಯಲ್ಲಿ ಇಟ್ಟು, ಸುತ್ತಲೂ ಮೇಲೂ ಬೊಗಸೆ ಬೊಗಸೆ ಉಪ್ಪು ಸುರಿದು, ಇನ್ನು ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ ಎಂದು ಹೇಳಿ ಮಣ್ಣು ಮುಚ್ಚುವುದು. ಕೆಳಗಿನವರು ಒರಗಿದ್ದರೆ ಅವರ ಗುಂಡಿ ಯಾವುದು? ಇಡೀ ನೆಲವೇ. ಗದ್ದೆ, ತೋಟ, ಹಿತ್ತಲು, ಹಾದಿ, ಎಲ್ಲಕ್ಕೂ ಉಪ್ಪು ಬೀಳಬೇಕು. ಉಪ್ಪಿನ ಕೋಣೆಯ ಬೀಗದ ಕೈ ಇದ್ದ ಉಪ್ಪಿನವನು ಆ ದಿನವೇ ಬಾಗಿಲು ತೆರೆದು ಮೂಟೆ ಹೊರಗಿಡತೊಡಗಿದ. ದೊಡ್ಡ ಆಳು, ಅಳುತ್ತಲೇ ಹೊತ್ತು ಹಾಕುತ್ತಿದ್ದ.

ಮೂಸುವಾಕೆ ಎರಡು ದಿನ ಬೀದಿಗೆ ಬರಲಿಲ್ಲ. ಅವರು ನಿಜವಾಗಿಯೂ ಹೋಗಿದ್ದರೆ ಉಪ್ಪಿನಿಂದ ಆಗುವುದೇನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಲಗಿದ್ದರೆ? ಮಲಗಿದವರ ಮೇಲೆ ಇಡೀ ಊರು ಕಣ್ಣೀರಿಡುತ್ತ, ಕೈಮುಗಿಯುತ್ತ ಉಪ್ಪು ಸುರಿಯುತ್ತದೆ. ದ್ವೇಷದಿಂದ ಕೊಲ್ಲುವವರ ಕೈ ಹಿಡಿಯಬಹುದು. ಇಷ್ಟು ಪ್ರೀತಿಯ ಕೈಯನ್ನು ಹಿಡಿಯುವುದು ಹೇಗೆ?

ಎರಡನೆಯ ದಿನ ಮಧ್ಯಾಹ್ನ ಅವಳು ಹಿತ್ತಲಿಗೆ ಹೋದಳು. ಮೂಗಿಲ್ಲದಿದ್ದರೆ ಬೆರಳಾದರೂ ಇದೆಯಲ್ಲ. ಮೊಳಕೈವರೆಗೂ ನೆಲ ತೋಡಿ, ತಳದಿಂದ ಒಂದು ಹಿಡಿ ಮಣ್ಣು ತೆಗೆದಳು. ಒಣಗಿ ಬೂದಿಯಂತಾಗಿರಬೇಕು ಎಂದುಕೊಂಡಿದ್ದಳು. ಆಗಿರಲಿಲ್ಲ. ಮಣ್ಣು ಸಣ್ಣ ಸಣ್ಣ ಉಂಡೆಯಾಗಿತ್ತು, ಪ್ರತಿ ಉಂಡೆಯೂ ಬಿಗಿಯಾಗಿತ್ತು. ಒತ್ತಿದಳು, ಒಡೆಯಲಿಲ್ಲ. ಇನ್ನಷ್ಟು ಒತ್ತಿದಳು, ಬಿಟ್ಟುಕೊಡಲಿಲ್ಲ. ಕೆಟ್ಟ ಕಾಲ ಬರುವುದು ಕಂಡು, ಇದ್ದುದನ್ನೆಲ್ಲ ಅಂಟು ಮಾಡಿ ಸುತ್ತಿಕೊಂಡು, ದಪ್ಪ ಚರ್ಮ ಹೊದ್ದು, ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿದ್ದುಕೊಂಡವರ ಹಿಡಿತ ಅದು. ಅವಳು ಅಲ್ಲೇ ಕೂತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ಬೀರುವಿನಲ್ಲಿದ್ದ ಎರಡು ಸೀರೆ, ಒಂದು ಕಂಬಳಿ ತೆಗೆದು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಳು.

ಮೂರನೆಯ ಬೆಳಿಗ್ಗೆ ಊರು ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತಿತ್ತು. ಪ್ರತಿಯೊಬ್ಬರ ಮಡಿಲಲ್ಲೂ ಉಪ್ಪು. ಎಲ್ಲರಿಗಿಂತ ಮುಂದೆ ಉಪ್ಪಿನವನು, ಹೆಗಲ ಮೇಲೆ ಮೂಟೆ. ಮೂಸುವಾಕೆ ಬಂದು ಅವನಿಗೆ ಅಡ್ಡ ನಿಂತಳು.

“ಹಾಕ್ಬೇಡಪ್ಪ.”

“ದಾರಿ ಬಿಡಕ್ಕಾ. ಹೊತ್ತು ಮೀರ್ತದೆ.”

“ನಂಗೆ ಮೂಗಿಲ್ಲ” ಅಂದಳು. ನಲವತ್ತು ವರ್ಷದಲ್ಲಿ ಅವಳು ಊರಿನ ಮುಂದೆ ಬಿಡಿಸಿ ಹೇಳಿದ ಮೊದಲ ಮಾತು ಅದು. “ಎಷ್ಟೋ ದಿನದಿಂದ ಇಲ್ಲ. ಇದ್ದಾರೆ ಅಂದಿದ್ದು ಸುಳ್ಳು. ಒರಗಿದ್ದಾರೆ ಅಂದಿದ್ದು ತಪ್ಪಿಸ್ಕೊಳ್ಳೋಕೆ. ಹೋದ್ರು ಅಂತ ನಾನು ಹೇಳ್ಲಿಲ್ಲ. ಹೋದ್ರೋ ಇಲ್ವೋ ನಂಗೆ ಗೊತ್ತಿಲ್ಲ.”

ಕುಂಬಾರಗಿತ್ತಿಯ ಮುಖ ಕಪ್ಪಿಟ್ಟಿತು. ಒಗ್ಗರಣೆಯ ದಿನ ಅವಳಿಗೆ ನೆನಪಾಗಿರಬೇಕು. ಹಿರೀಕ ಕೋಲೂರಿ ಅವಳ ಹತ್ತಿರ ಬಂದ.

“ಗೊತ್ತಿಲ್ದೆ ಇದ್ರೆ ಯಾಕಮ್ಮಾ ಅಡ್ಡ ನಿಂತೆ?”

ಅವಳು ಸೆರಗಿನಿಂದ ಒಂದು ಉಂಡೆ ಮಣ್ಣು ತೆಗೆದು ಅವನ ಕೈಗಿಟ್ಟಳು. “ಒತ್ತಿ ನೋಡಜ್ಜ. ಬಿಡ್ತಾ ಇಲ್ಲ. ಹೋದವರು ಹೀಗೆ ಹಿಡ್ಕೋತಾರಾ?”

ಹಿರೀಕ ಒತ್ತಿದ. ಪಕ್ಕದವನಿಗೆ ಕೊಟ್ಟ, ಅವನೂ ಒತ್ತಿದ. ಕುಂಬಾರಗಿತ್ತಿ ತೆಗೆದುಕೊಂಡು ಬೆರಳುಗಳ ನಡುವೆ ತಿರುಗಿಸಿದಳು. ಮಣ್ಣಿನ ವಿಷಯದಲ್ಲಿ ಅವಳ ಕೈಯನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. “ಜೀವ ಇರೋ ಹಾಗಿದೆ” ಅಂದಳು. ಆದರೂ ತಕ್ಷಣವೇ, “ನಮ್ಮಪ್ಪ ಹೋದಾಗ ಅವ್ವನ ಕೈ ಹಿಡ್ಕೊಂಡೇ ಇದ್ದ. ಬಿಡಿಸೋಕೆ ಆಗ್ಲಿಲ್ಲ” ಎಂದೂ ಸೇರಿಸಿದಳು.

“ಕೇಳೋಕೆ ಒಂದು ದಾರಿ ಇದೆ” ಎಂದಳು ಮೂಸುವಾಕೆ. “ಒಂದು ಹಿಡಿ ಮಣ್ಣು ಮಡಕೆಗೆ ಹಾಕಿ ನೀರು ಹಾಕ್ಬೇಕು. ಚಿಮುಕಿಸೋದಲ್ಲ, ಚೆನ್ನಾಗಿ ನೆನೆಯೋ ಹಾಗೆ. ಮಲಗಿದ್ರೆ ಒಳ್ಳೆ ಕಾಲ ಬಂತು ಅಂತ ಎದ್ದು ಬರ್ತಾರೆ. ಎದ್ರೆ ವಾಸನೆ ಬಂದೇ ಬರ್ತದೆ.”

“ಹಾಗಾದ್ರೆ ಮಾಡೋಣ” ಅಂದ ಉಪ್ಪಿನವನು.

“ಪೂರ್ತಿ ಕೇಳಪ್ಪ. ಎದ್ದವರು ಹೊದ್ದಿದ್ದನ್ನ ಕಿತ್ತು ಹಾಕಿರ್ತಾರೆ. ಗಾಳಿ ಇನ್ನೂ ಹೋಗಿಲ್ಲ. ಮಡಕೆ ಒಣಗಿದ ಮೇಲೆ ಅವರು ಮತ್ತೆ ಮಲಗೋಕೆ ಆಗಲ್ಲ. ನಮ್ಗೆ ಉತ್ತರ ಕೊಟ್ಟು ಹೋಗಿಬಿಡ್ತಾರೆ.”

“ಒಂದು ಹಿಡೀಲಿ ಎಷ್ಟು ಜನ?” ಎಂದು ಹಿರೀಕ ಕೇಳಿದ.

“ನಮ್ಮೂರಿಗಿಂತ ಜಾಸ್ತಿ. ನಮ್ಮಂಥ ಊರು ಎಷ್ಟಿವೆಯೋ, ಎಲ್ಲಾ ಸೇರಿಸಿದ್ರೂ ಜಾಸ್ತಿ.”

ಹಿರೀಕ ಕಣ್ಣು ಮುಚ್ಚಿದ. ಇಡೀ ನೆಲವನ್ನು ಉಳಿಸಲು ಒಂದು ಹಿಡಿಯನ್ನು ಎಬ್ಬಿಸುವುದು. ಎಬ್ಬಿಸುವವರಿಗೆ ಅವರ ಹೆಸರೂ ಗೊತ್ತಿಲ್ಲ, ಒಪ್ಪಿಗೆ ಕೇಳುವ ದಾರಿಯೂ ಇಲ್ಲ. ಕೊನೆಗೆ ಆ ಮುದುಕ “ಮಾಡು” ಎಂದ.

ಕುಂಬಾರಗಿತ್ತಿ ಹೊಸ ಮಡಕೆ ತಂದಳು. ಬಾವಿ ಕಾಯುವವಳು, ಸೇದಲು ನೀರಿಲ್ಲ, ಮನೆಮನೆಯಲ್ಲಿ ಕುಡಿಯಲು ಇಟ್ಟದ್ದಷ್ಟೇ ಇರುವುದು ಎಂದಳು. ಸರಿ, ಮನೆಗೊಂದು ಗುಟುಕು ಬಂತು. ಒಬ್ಬೊಬ್ಬರಾಗಿ ಬಂದು ಗುಟುಕು ಹಾಕಿದರು, ಒಬ್ಬೊಬ್ಬರಾಗಿ “ಇದ್ದೀರಾ?” ಎಂದು ಕೇಳಿದರು. ಇದ್ದೀರಾ ಎಂದು ಅಜ್ಜಿಯರು ಕೇಳಿದರು, ಇದ್ದೀರಾ ಎಂದು ಬಸುರಿ ಕೇಳಿದಳು, ಇದ್ದೀರಾ ಎಂದು ಉಪ್ಪಿನವನು ಮೂಟೆ ಹೊತ್ತೇ ಬಗ್ಗಿ ಕೇಳಿದ. ಆ ಮಾತನ್ನು ಅವರು ದಿನಾ ಕೇಳಿಸಿಕೊಂಡಿದ್ದರು, ಯಾರೂ ತಮ್ಮ ಬಾಯಿಂದ ಆಡಿರಲಿಲ್ಲ. ಮಡಕೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ನೆರಳಿನಲ್ಲಿ ಇಟ್ಟರು. ಯಾರೂ ಮನೆಗೆ ಹೋಗಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಹಿರೀಕ ಬಟ್ಟೆ ಬಿಚ್ಚಿದ. ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ, ಹಿಂದಿನವರು ಭುಜ ಹಿಡಿದು ಎಬ್ಬಿಸಬೇಕಾಯಿತು. ಕುಂಬಾರಗಿತ್ತಿ ಬಗ್ಗಿ ನೋಡಿ, ತಲೆ ಎತ್ತಿ, ಮಡಕೆಯನ್ನು ಪಕ್ಕದವಳತ್ತ ಸರಿಸಿದಳು. ಬಾವಿ ಕಾಯುವವಳು, “ಅಯ್ಯೋ, ಇದಾ? ಇದು ನಂಗೊತ್ತಲ್ಲ, ಬಾವಿಯೊಳಗೆ ಇದೇ ಬರ್ತಿತ್ತಲ್ಲ” ಎಂದಳು. ಮಡಕೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರದು ಒಂದೊಂದು ಮಾತು. ತವರಿನ ಕೊಟ್ಟಿಗೆ ಎಂದಳೊಬ್ಬಳು. ಹೊಸ ಗೆಣಸು ಎಂದನೊಬ್ಬ. ಹತ್ತು ಮೂಗು ಹನ್ನೊಂದು ಮಾತು ಆಡಿದವು, ಏನೂ ಅನಾಹುತ ಆಗಲಿಲ್ಲ.

ಉಪ್ಪಿನವನು ಕೊನೆಗೆ ಬಗ್ಗಿದ. ಎದ್ದು, ಮೂಟೆಯನ್ನು ಹೆಗಲ ಮೇಲೆ ಇನ್ನೊಮ್ಮೆ ಸರಿಮಾಡಿಕೊಂಡು, ಉಪ್ಪಿನ ಕೋಣೆಯ ಕಡೆಗೆ ತಿರುಗಿ ನಡೆದ. ಒಂದು ಕಾಳು ಕೂಡ ನೆಲಕ್ಕೆ ಬೀಳಬಾರದೆಂದು ಮೂಟೆಯ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮಡಿಲಲ್ಲಿ ಉಪ್ಪಿದ್ದವರೆಲ್ಲ ಅವನ ಹಿಂದೆ ಹೋದರು.

ಮಡಕೆ ಮೂಸುವಾಕೆಯ ಕೈಗೆ ಬಂತು. ಅವಳೂ ಮೂಗಿಟ್ಟಳು. ಏನೂ ಬರಲಿಲ್ಲ. ನಲವತ್ತು ವರ್ಷ ಊರಿಗೆಲ್ಲ ಹಂಚಿದ್ದು ಊರಿಗೆಲ್ಲ ಸಿಕ್ಕಿ, ಅವಳಿಗೆ ಒಬ್ಬಳಿಗೆ ಸಿಗಲಿಲ್ಲ. ಮಡಕೆಯನ್ನು ಎದೆಗೆ ಒತ್ತಿಕೊಂಡು, ಎದ್ದು ಬಂದ ಆ ಅಷ್ಟೂ ಜನಕ್ಕೆ, “ತಪ್ಪಾಯ್ತು, ದೊಡ್ಡವರೇ” ಎಂದು ಹೇಳಿ ಹೊಂಗೆ ಮರದ ಬುಡದಲ್ಲಿ ಇಟ್ಟಳು.

ಆಮೇಲೆ ಅವಳು ಮನೆಗೆ ಹೋಗಿ ಗಂಟು ಎತ್ತಿಕೊಂಡಳು.

ಗಡಿಗೆ ಹೋಗುವ ದಾರಿ ಗದ್ದೆಗಳ ನಡುವೆಯೇ ಇತ್ತು. ಅಲ್ಲಿ ಊರಿಗೆ ಊರೇ ಕೆಲಸಕ್ಕೆ ಬಿದ್ದಿತ್ತು. ಮಲಗಿದವರನ್ನು ಬಿಸಿಲಿನಲ್ಲಿ ಬಿಡುವುದುಂಟೆ ಎಂದು ಯಾರೋ ಅಂದಿದ್ದರಂತೆ. ಅಷ್ಟೇ ಸಾಕಾಯಿತು. ಬಿದ್ದ ಎಲೆಗಳನ್ನು ಬುಟ್ಟಿ ಬುಟ್ಟಿ ತಂದು ಹರಡುತ್ತಿದ್ದರು. ಹುಲ್ಲು ಹಾಸುತ್ತಿದ್ದರು. ಹುಲ್ಲು ಮುಗಿದು ಚಾಪೆ, ಚಾಪೆ ಮುಗಿದು ಗೋಣಿ, ಗೋಣಿ ಮುಗಿದು ಕೌದಿ. ಮೂಸುವಾಕೆ ತಲೆ ತಗ್ಗಿಸಿ ಬದುವಿನ ಮೇಲೆ ನಡೆದಳು. ಯಾರೂ ತಳ್ಳಲಿಲ್ಲ, ಯಾರೂ ತಡೆಯಲಿಲ್ಲ. ಗಡಿಯ ಕಲ್ಲು ಹತ್ತು ಹೆಜ್ಜೆ ಇರುವಾಗ, ಕೊನೆಯ ಗದ್ದೆಯಲ್ಲಿ ಮಂಡಿಯೂರಿದ್ದ ಉಪ್ಪಿನವನು ಬೆವರು ಒರೆಸಿಕೊಳ್ಳುತ್ತ ತಲೆ ಎತ್ತಿದ.

“ಅಕ್ಕಾ, ಗಂಟಲ್ಲಿ ಏನಿದೆ?”

“ಎರಡು ಸೀರೆ. ಒಂದು ಕಂಬಳಿ.”

“ಇಲ್ಲಿ ಒಂದು ಮೂಲೆ ಹಾಗೇ ಉಳಿದಿದೆ” ಅಂದ. “ಬಾ, ಆ ಕಡೆ ಹಿಡ್ಕೋ.”

ಅವಳು ಕಲ್ಲನ್ನು ನೋಡಿದಳು. ಅವನು ಕೈ ಚಾಚಿಯೇ ಇದ್ದ. ಅವಳು ಗದ್ದೆಗಿಳಿದು ಗಂಟು ಬಿಚ್ಚಿದಳು. ಕಂಬಳಿಯ ಎರಡು ತುದಿ ಅವನು ಹಿಡಿದ, ಎರಡು ತುದಿ ಅವಳು ಹಿಡಿದಳು. ಕಂಬಳಿ ಸಾಲಲಿಲ್ಲ, ಸೀರೆಗಳನ್ನೂ ಹಾಸಿದರು. ಇನ್ನೂ ಒಂದು ಗೇಣು ನೆಲ ಬಿಸಿಲಿಗೆ ಉಳಿದಿತ್ತು. ಗಂಟು ಕಟ್ಟಿದ್ದ ಬಟ್ಟೆಯನ್ನೂ ಅವಳು ಅದರ ಮೇಲೆ ಹರಡಿ, ಹಾರದಂತೆ ಅಂಚಿಗೆ ಕೂತಳು.